ಬರೀ ಹೂವಿನ ಲೋಡು, ಸಾರ್!

ಕರ್ನಾಟಕದಲ್ಲಿ ಮಾರಾಟಕ್ಕೆ ನಿಂತಿರುವ ಹಳೇ ಪಿಕಪ್ ಗಾಡಿಗಳು ಇಷ್ಟು ವರ್ಷ ಏನು ಹೊತ್ತು ತಿರುಗಿದವು ಅಂತ ಅವುಗಳ ಮಾಲೀಕರನ್ನು ಕೇಳಿ ನೋಡಿ. ಹೂವು. ಬರೀ ಹೂವು. ಸೇವಂತಿಗೆ, ಚೆಂಡು ಹೂವು, ಕನಕಾಂಬರ. ಹೂವಲ್ಲದಿದ್ದರೆ ಮಂಡಕ್ಕಿ. ಮಂಡಕ್ಕಿಯೂ ಭಾರವಾಯಿತು ಅನ್ನಿಸಿದರೆ ಖಾಲಿ ಮೊಟ್ಟೆ ಟ್ರೇ. ಹೋದ ವರ್ಷ ಭಾವಮೈದನ ಜೊತೆ ಮೂರು ತಿಂಗಳು ಗಾಡಿ ನೋಡುತ್ತಾ ಅಲೆದೆ. "ಇದರಲ್ಲಿ ಸಿಮೆಂಟ್ ಹೊಡೆದಿದೀನಿ" ಅಂದವನು ಒಬ್ಬನೂ ಸಿಗಲಿಲ್ಲ. ಹಾಗಾದರೆ ಈ ರಾಜ್ಯದ ಮನೆಗಳಿಗೆಲ್ಲ ಜಲ್ಲಿ, ಎಂ-ಸ್ಯಾಂಡ್, ಇಟ್ಟಿಗೆ, ಕಬ್ಬಿಣ ತಂದು ಸುರಿದವರು ಯಾರು? ಪುಷ್ಪವೃಷ್ಟಿಯ ಕೆಲಸವನ್ನು ಪಿಕಪ್ಪುಗಳಿಗೆ ವಹಿಸಿ ದೇವತೆಗಳೇ ಜಲ್ಲಿ ಸುರಿಯಲು ಹೋಗಿರಬೇಕು.

ಭಾವಮೈದನದು ತಿಪಟೂರು ಸೀಮೆಯಲ್ಲಿ ತೆಂಗಿನ ತೋಟ. ಪ್ರತಿ ಸಲ ಕಾಯಿ ಸಾಗಿಸಲು ಬಾಡಿಗೆ ಗಾಡಿಯವನಿಗೆ ಫೋನು ಮಾಡಿ, ಅವನು "ಇಲ್ಲೇ ಇದೀನಿ, ಹತ್ತು ನಿಮಿಷ" ಅಂದದ್ದನ್ನು ನಂಬಿ ಮಧ್ಯಾಹ್ನದವರೆಗೆ ಕಾದು ಸಾಕಾಗಿತ್ತು. ಸ್ವಂತ ಗಾಡಿ ತಗೋತೀನಿ ಅಂದ. ಹೊಸದರ ಬೆಲೆ ಕೇಳಿ ಬಂದ ಸಂಜೆ ಮಾತಾಡಲಿಲ್ಲ. ಮಾರನೇ ಬೆಳಿಗ್ಗೆ, "ಹಳೇದೇ ನೋಡಾಣ ಭಾವ. ನೀವು ಲೆಕ್ಕದ ಮೇಷ್ಟ್ರು, ಓದಿದೋರು ಒಬ್ಬರು ಜೊತೇಲಿರ್ಲಿ" ಅಂದ. ಓದಿದವರು ಜೊತೆಗಿದ್ದರೆ ಗಾಡಿಯವನು ರೇಟು ಏರಿಸುತ್ತಾನೆ ಅನ್ನುವುದು ಇಬ್ಬರಿಗೂ ಆಗ ಹೊಳೆಯಲಿಲ್ಲ.

ಮೊದಲು ಯಾವ ಗಾಡಿ ಅನ್ನುವ ಚರ್ಚೆ. ನಮ್ಮ ಕಡೆ ಹಿಂದೆ ತೊಟ್ಟಿ ಇರುವ ಸಣ್ಣ ಗಾಡಿಗಳೆಲ್ಲ ಪಿಕಪ್ಪೇ. 2005ರಲ್ಲಿ ಬಂದ ಟಾಟಾ ಏಸ್ ಕೂಡ, 2011ರಲ್ಲಿ ಬಂದ ದೋಸ್ತ್ ಕೂಡ, ಬೊಲೆರೊ ಅಂತೂ ಸರಿಯೇ. ಭಾವಮೈದನಿಗೆ ಏಸ್ ಮೇಲೆ ಪ್ರೀತಿ. ನಾನು ಸೀಮೆಸುಣ್ಣ ಹಿಡಿದೆ. ಸುಲಿದ ಕಾಯಿ ಒಂದಕ್ಕೆ ಅರ್ಧ ಕೆಜಿಯ ಮೇಲೇ ತೂಕ. ಎರಡು ಸಾವಿರ ಕಾಯಿ ಅಂದರೆ ಟನ್ನು ದಾಟಿತು. ಮೊದಲ ಏಸ್‌ನದು ಎರಡೇ ಸಿಲಿಂಡರಿನ 702 ಸಿಸಿ ಇಂಜಿನ್ನು, ಹೊರುವುದು ಮುಕ್ಕಾಲು ಟನ್. ದೋಸ್ತ್ ಆದರೆ ಒಂದೂಕಾಲು ಟನ್. ಬೊಲೆರೊ ಪಿಕಪ್ ಅದಕ್ಕಿಂತ ಒಂದು ಕೈ ಮೇಲೆ. "ನಿನಗೆ ಬೇಕಾದ್ದು ದೊಡ್ಡ ಪಿಕಪ್" ಎಂದು ತೀರ್ಪು ಕೊಟ್ಟೆ. ಅವನು ಒಪ್ಪಿದ, ಮ್ಯೂಸಿಕ್ ಸೆಟ್ ಇರಬೇಕು ಅನ್ನುವ ಷರತ್ತಿನ ಮೇಲೆ.

ಇಲ್ಲಿ ನನ್ನ ತಾತನ ಮಾತು ಬರಬೇಕು. ಅವರು ಸಿದ್ಧಗಂಗೆಯ ದನದ ಜಾತ್ರೆಗೆ ಹೋದರೆ ಎತ್ತಿನ ಕೊಂಬಿಗೆ ಬಳಿದ ಬಣ್ಣವನ್ನಾಗಲಿ, ಕೊರಳಿನ ಗೆಜ್ಜೆಯನ್ನಾಗಲಿ ನೋಡುತ್ತಿರಲಿಲ್ಲ. ನೆಟ್ಟಗೆ ಬಾಯಿ ಬಿಡಿಸಿ ಹಲ್ಲು ಎಣಿಸುವುದು. ಹಾಲುಹಲ್ಲೋ, ಎರಡು ಹಲ್ಲೋ, ಬಾಯಿ ಕೂಡಿದೆಯೋ. ಆಮೇಲೆ ಹೆಗಲು ಮುಟ್ಟಿ ನೋಡುವುದು. ಎತ್ತಿನ ವಯಸ್ಸು ಹಲ್ಲಿನಲ್ಲಿ, ದುಡಿಮೆ ಹೆಗಲಿನಲ್ಲಿ ಇರುತ್ತೆ ಅನ್ನುತ್ತಿದ್ದರು. ಹಳೇ ಪಿಕಪ್ ಕೊಳ್ಳುವ ಶಾಸ್ತ್ರವೂ ಅಷ್ಟೇ ಅಂತ ನನಗೆ ಮನವರಿಕೆಯಾಗಲು ಮೂರು ತಿಂಗಳು ಹಿಡಿಯಿತು. ವ್ಯತ್ಯಾಸ ಒಂದೇ. ಎತ್ತಿಗೆ ಹೊಸ ಹಾಲುಹಲ್ಲು ಕಟ್ಟಿಸಲು ಬರುವುದಿಲ್ಲ. ಗಾಡಿಯ ಮೀಟರಿಗೆ ಬರುತ್ತದೆ.

ನಾವು ನೋಡಿದ ಮೊದಲ ಗಾಡಿ ಒಂಬತ್ತು ವರ್ಷದ್ದು, ಮೀಟರಿನಲ್ಲಿ 68 ಸಾವಿರ. ಭಾವಮೈದ ಕಣ್ಣರಳಿಸಿದ. ನಾನು ಲೆಕ್ಕ ಹಾಕಿದೆ. ವರ್ಷಕ್ಕೆ ಮುನ್ನೂರು ದಿನ ದುಡಿದರೂ ದಿನಕ್ಕೆ 25 ಕಿಲೋಮೀಟರ್. ನಮ್ಮೂರಿನ ಪೋಸ್ಟ್‌ಮ್ಯಾನ್ ಸೈಕಲ್ಲಿನಲ್ಲೇ ಅಷ್ಟು ತುಳಿಯುತ್ತಿದ್ದ! ದಿನಕ್ಕೆ 25 ಕಿಲೋಮೀಟರ್ ಓಡಿ ಸಾಲದ ಕಂತು ಕಟ್ಟಿದ ಪಿಕಪ್ ಈ ಭೂಮಿಯ ಮೇಲಿಲ್ಲ. ನಮ್ಮ ಜೊತೆ ಬಂದಿದ್ದ ಗ್ಯಾರೇಜಿನ ಮೇಸ್ತ್ರಿ ಮೀಟರಿನ ಕಡೆ ತಲೆಯನ್ನೇ ಎತ್ತಲಿಲ್ಲ. ಬಾಗಿಲು ತೆಗೆದು ಕ್ಲಚ್ ಪೆಡಲಿನ ರಬ್ಬರು ನೋಡಿದ. ಗೆರೆಗಳೆಲ್ಲ ಸವೆದು, ಒಂದು ಮೂಲೆಯಲ್ಲಿ ಕಬ್ಬಿಣವೇ ಇಣುಕಿ, ಚಪ್ಪಲಿ ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು. ಸ್ಟೇರಿಂಗಿನ ಮೇಲೆ ಎರಡು ಕೈ ಹಿಡಿಯುವ ಜಾಗ ನುಣ್ಣಗೆ. ಗೇರು ಗುಂಡಿನ ಮೇಲಿನ ಅಂಕಿಗಳು ಮಾಯ. ಡ್ರೈವರ್ ಸೀಟಿನ ಬಲಗಡೆ ಅಂಚು ಕೂತು ಕೂತು ತೊಟ್ಟಿಲಾಗಿತ್ತು. ಮೀಟರ್ ತಿದ್ದುವವನಿಗೆ ಇಷ್ಟನ್ನೆಲ್ಲ ತಿದ್ದಲು ಪುರುಸೊತ್ತಿರುವುದಿಲ್ಲ. ಇನ್ನು ನೀವು ಹೋದ ಕಡೆ ಇವೆಲ್ಲ ಹೊಚ್ಚಹೊಸದಾಗಿ ಮಿಂಚುತ್ತಿದ್ದರೆ ಖುಷಿಪಡಬೇಡಿ. 68 ಸಾವಿರ ಓಡಿದ ಗಾಡಿಗೆ ಹೊಸ ಪೆಡಲ್ ರಬ್ಬರ್ ಯಾಕೆ ಬೇಕಾಯಿತು ಅಂತ ಕೇಳಿ.

ಮೇಸ್ತ್ರಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಅವನು ಮಾರುವವನ ಎದುರಿಗೆ ಗಾಡಿಯನ್ನು ಬೈಯುವವನಲ್ಲ. ಎಲ್ಲ ನೋಡಿ, ಕೈ ಒರೆಸಿಕೊಂಡು "ಹೋಗಾಣ" ಅಂದರೆ ಗಾಡಿ ಬೇಡ ಅಂತ. "ಟೀ ಕುಡಿಯಾಣ" ಅಂದರೆ ಮಾತಿಗೆ ಕೂರಬಹುದು ಅಂತ. ಆ ಮೂರು ತಿಂಗಳಲ್ಲಿ ನಮಗೆ ಟೀ ಸಿಕ್ಕಿದ್ದು ಒಂದೇ ಸಲ.

ಎರಡನೇದು ಕೆಎ-20, ಉಡುಪಿ ಕಡೆಯ ನೋಂದಣಿ. ಗಾಡಿ ಅಪ್ಪಟ ಬಿಳಿ. ಕೆಳಗೆ ಚಾಸಿಗೆ ಕಪ್ಪು ಪೇಂಟು ಆಗ ತಾನೇ ಹೊಡೆದು, ಅಭ್ಯಂಜನ ಮುಗಿಸಿದ ಮದುಮಗನ ಹಾಗೆ ಮಿನುಗುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಮೂರು ಊದುಬತ್ತಿ. "ಏನು ಲೋಡು ಹಾಕ್ತಿದ್ರಿ?" "ಬರೀ ಹೂವು ಸಾರ್, ಮಂಗಳೂರು ಮಲ್ಲಿಗೆ." ಊದುಬತ್ತಿ ಆರಿದ ಮೇಲೆ ಮಲ್ಲಿಗೆ ತನ್ನ ನಿಜವಾದ ವಾಸನೆ ಬಿಟ್ಟಿತು. ಬಂಗುಡೆ! ಮೀನು ಹೊತ್ತದ್ದು ಪಾಪವೇನಲ್ಲ. ಆದರೆ ಮೀನಿನ ಬುಟ್ಟಿಯಿಂದ ಉಪ್ಪು ಬೆರೆತ ಮಂಜಿನ ನೀರು ವರ್ಷಗಟ್ಟಲೆ ತೊಟ್ಟಿಕ್ಕಿ ಕಬ್ಬಿಣವನ್ನು ಒಳಗಿನಿಂದ ತಿಂದಿರುತ್ತದೆ. ಮೇಸ್ತ್ರಿ ಗೋಣಿತಾಟು ಹಾಸಿ ಕೆಳಗೆ ನುಸುಳಿದ. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋದ. ಠಣ್, ಠಣ್, ಠಣ್, ದಬ್. ಆ "ದಬ್" ಅಂದ ಕಡೆ ಮೊನೆ ಒತ್ತಿದ. ಕಪ್ಪು ಪೇಂಟಿನ ಹಿಂದಿನಿಂದ ಕೆಂಪು ಹುಡಿ ಅವನ ಮುಖದ ಮೇಲೆ ಉದುರಿತು. ಹೊರಗೆ ಬಂದವನು ಹಣೆಗೆ ಕುಂಕುಮ ಹಚ್ಚಿಕೊಂಡ ಹಾಗೆ ಕಾಣುತ್ತಿದ್ದ. "ಹೋಗಾಣ" ಅಂದ. ಚಾಸಿಗೆ ಹೊಸ ಪೇಂಟು ಹೊಡೆದವನನ್ನು ಕಂಡರೆ ನಾನು ಈಗಲೂ ಎರಡು ಹೆಜ್ಜೆ ಹಿಂದೆ ನಿಲ್ಲುತ್ತೇನೆ.

ಗಾಡಿಯ ಬಾಡಿ ನೋಡಲು ಇನ್ನೊಂದು ಪರೀಕ್ಷೆ ಉಂಟು, ಅದಕ್ಕೆ ಮೇಸ್ತ್ರಿಯೂ ಬೇಡ. ಮನೆಯ ಫ್ರಿಜ್ಜಿನ ಮೇಲಿರುವ ಆಯಸ್ಕಾಂತದ ಗೊಂಬೆಯೊಂದನ್ನು ಜೇಬಿಗೆ ಹಾಕಿಕೊಂಡು ಹೋಗಿ. ತಗಡಿನ ಮೇಲಿಟ್ಟರೆ ಅಂಟಬೇಕು. ಜಾರಿ ಬಿದ್ದರೆ ಅಲ್ಲಿ ಟಿಂಕರಿಂಗ್ ಆಗಿದೆ, ತಗಡಿನ ಬದಲು ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಅಂತ. ನನ್ನ ಮಗಳ ಗಿಳಿ ಗೊಂಬೆ ಹೀಗೆ ಎಷ್ಟೋ ಪಿಕಪ್ಪುಗಳ ಕೆನ್ನೆ ಮೇಲೆ ಕೂತು ಭವಿಷ್ಯ ಹೇಳಿದೆ.

ಮೂರನೇ ಗಾಡಿಯ ಬ್ರೋಕರು ಮಾತಿನಲ್ಲಿ ಹರಿಕಥೆ ದಾಸರನ್ನು ಮೀರಿಸಿದವನು. "ಹೂವಿನ ಲೋಡು ಬಿಟ್ಟರೆ ಬೇರೆ ಹಾಕೇ ಇಲ್ಲ ಸಾರ್. ಇಂಜಿನ್ ಇನ್ನೂ ಬಿಚ್ಚಿಲ್ಲ. ಹಿಂದೆ ಎರಡೆರಡು ಎಕ್ಸ್‌ಟ್ರಾ ಪ್ಲೇಟ್ ಹಾಕ್ಸಿದೀವಿ, ಎಷ್ಟು ಬೇಕಾದ್ರೂ ತುಂಬಿ!" ನಾನು ಲೆಕ್ಕದ ಮೇಷ್ಟ್ರು, ಎರಡು ವಾಕ್ಯಗಳನ್ನು ಕೂಡಿಸಿ ನೋಡುವ ಚಟ. ಹೂವು ಹೊರುವ ಗಾಡಿಗೆ ಸ್ಪ್ರಿಂಗಿನಲ್ಲಿ ಎಕ್ಸ್‌ಟ್ರಾ ಪ್ಲೇಟು ಯಾಕೆ? ಸೇವಂತಿಗೆ ಅಷ್ಟು ತೂಕವೇ? ಸಿಮೆಂಟಿನ ಮೂಟೆ 50 ಕೆಜಿ. ಮೂವತ್ತು ಮೂಟೆಗೆ ಒಂದೂವರೆ ಟನ್ ತುಂಬಿತು, ಇಂಥ ಗಾಡಿಗೆ ಅಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ ಅನ್ನುವುದಕ್ಕೇ ಆ ಪ್ಲೇಟುಗಳು. ಆರ್‌ಸಿಯಲ್ಲಿ ಖಾಲಿ ತೂಕ, ತುಂಬಿದ ತೂಕ ಎರಡೂ ಬರೆದಿರುತ್ತದೆ. ಒಂದರಲ್ಲಿ ಇನ್ನೊಂದು ಕಳೆದರೆ ಗಾಡಿಯ ಯೋಗ್ಯತೆ ಗೊತ್ತಾಗುತ್ತದೆ. ಹಿಂದಿನ ಸ್ಪ್ರಿಂಗು ನೋಡಿದರೆ ಮಾಲೀಕನ ಯೋಗ್ಯತೆ. ಖಾಲಿ ಗಾಡಿಯ ಸ್ಪ್ರಿಂಗು ಬಿಲ್ಲಿನ ಹಾಗೆ ಬಾಗಿರಬೇಕು. ಚಪ್ಪಟೆಯಾಗಿದ್ದರೆ, ಒಂದು ಕಡೆ ಕುಂಟಿದ್ದರೆ ಅದು ಎತ್ತಿನ ಹೆಗಲಿನ ಗಾಯವೇ. ಕ್ಯಾಬಿನ್ನಿನ ಹಿಂಬದಿ, ಸ್ಪ್ರಿಂಗು ಕಚ್ಚಿಕೊಳ್ಳುವ ಬ್ರಾಕೆಟ್ಟಿನ ಸುತ್ತ, ಚಾಸಿಯಲ್ಲಿ ಕೂದಲೆಳೆಯಂಥ ಬಿರುಕೋ ಇರುವೆ ಸಾಲಿನಂಥ ವೆಲ್ಡಿಂಗೋ ಕಂಡರೆ, ಆ ಗಾಡಿ ಹೊತ್ತದ್ದು ಹೂವಲ್ಲ, ಹೂವಿನ ತೋಟದ ಕಾಂಪೌಂಡು.

ಆದರೂ ಭಾವಮೈದನ ಸಮಾಧಾನಕ್ಕೆ ಇಂಜಿನ್ನೂ ನೋಡಿದೆವು. ನಾವು ಹೋಗುವ ಹೊತ್ತಿಗೆ ಇಂಜಿನ್ ಸ್ಟಾರ್ಟ್ ಮಾಡಿಟ್ಟಿದ್ದರು. "ನೀವು ಬರ್ತೀರಲ್ಲ ಅಂತ." ಎಂಥ ಆತಿಥ್ಯ! ಮುದಿ ಡೀಸೆಲ್ ಇಂಜಿನ್ನಿನ ಕಾಯಿಲೆಯೆಲ್ಲ ತಣ್ಣಗಿರುವಾಗಲೇ ಗೊತ್ತಾಗುವುದು. ಬಿಸಿಯಾದ ಮೇಲೆ ಅದು ಡಾಕ್ಟರ ಮುಂದೆ ಕೂತ ರೋಗಿಯ ಹಾಗೆ ಕೆಮ್ಮೇ ಮರೆತುಬಿಡುತ್ತದೆ. ಆದ್ದರಿಂದ ಮುಟ್ಟಿ ನೋಡಿದಾಗ ಬಾನೆಟ್ ಬೆಚ್ಚಗಿದ್ದರೆ "ನಾಳೆ ಬೆಳಿಗ್ಗೆ ಬರ್ತೀವಿ" ಅಂತ ಎದ್ದುಬಿಡಿ, ಬರುವ ಹೊತ್ತು ಮಾತ್ರ ಹೇಳಬೇಡಿ. ನಾವು ಮರುದಿನ ಆರು ಗಂಟೆಗೇ ಹೋದೆವು. ಬ್ರೋಕರು ಬನಿಯನ್ನಿನಲ್ಲೇ ಓಡಿ ಬಂದ.

ಮೇಸ್ತ್ರಿ ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆದ. ನೀರಿನ ಮೇಲೆ ಎಣ್ಣೆಯ ಬಣ್ಣದ ಪೊರೆ ತೇಲಬಾರದು. ಆಯಿಲ್ ತುಂಬುವ ಮುಚ್ಚಳದ ಒಳಬದಿ ನೋಡಿದ. ಅಲ್ಲಿ ಹಾಲು ಹೆಚ್ಚಾದ ಕಾಫಿಯಂಥ ಕೆನೆ ಕಟ್ಟಿದ್ದರೆ ನೀರು, ಎಣ್ಣೆ ಒಳಗೊಳಗೇ ಬೀಗತನ ಬೆಳೆಸಿವೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಅನುಮಾನಿಸಬೇಕು. ಆಮೇಲೆ ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ, ಡ್ಯಾಶ್‌ಬೋರ್ಡಿನ ದೀಪಗಳನ್ನು ದಿಟ್ಟಿಸಿದ. ಹೊತ್ತಿ ಆರದ ದೀಪಕ್ಕೆ ಎಲ್ಲರೂ ಹೆದರುತ್ತಾರೆ. ಅವನಿಗೆ ಹೊತ್ತಲೇ ಹೊತ್ತದ ದೀಪದ ಮೇಲೆ ಗುಮಾನಿ. ಬಲ್ಬು ಕಿತ್ತೋ ಟೇಪು ಅಂಟಿಸಿಯೋ ಇಂಜಿನ್ ದೀಪದ ಬಾಯಿ ಮುಚ್ಚಿಸಿರುತ್ತಾರಂತೆ. ಅದರಲ್ಲೂ 2020ರ ಏಪ್ರಿಲ್‌ನಿಂದ ಈಚೆಗಿನ ಬಿಎಸ್-6 ಗಾಡಿಯಾದರೆ ಆ ದೀಪದ ಮಾತನ್ನು ತಪ್ಪದೆ ಕೇಳಬೇಕು. ಹೊಗೆಯನ್ನು ಶುದ್ಧ ಮಾಡುವ ಸಾಮಾನೂ ಸೆನ್ಸರುಗಳೂ ಅದರಲ್ಲಿ ಜಾಸ್ತಿ, ರಿಪೇರಿಯೂ ಅಷ್ಟೇ ದುಬಾರಿ.

ಸ್ಟಾರ್ಟ್ ಆಯಿತು. ಹೊಗೆ ಬಂತು. ಹೊಗೆಗೂ ಒಂದು ಶಕುನಶಾಸ್ತ್ರ ಉಂಟು. ಕಪ್ಪು ಹೊಗೆ ಸುರಿದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ ಅಂತ. ಏರ್ ಫಿಲ್ಟರೋ ಇಂಜೆಕ್ಟರೋ ಟರ್ಬೋ, ಯಾವುದಾದರೂ ಇರಬಹುದು. ಚಳಿಯಲ್ಲಿ ಎರಡು ನಿಮಿಷ ಬಿಳಿ ಹೊಗೆ ಬಂದರೆ ಕ್ಷಮಿಸಬಹುದು, ಬಿಸಿಯಾದ ಮೇಲೂ ಬರುತ್ತಿದ್ದರೆ ರೇಡಿಯೇಟರ್ ನೀರು ಉರಿಯುತ್ತಿರಬಹುದು. ನೀಲಿ ಹೊಗೆ ಬಂದರೆ ಇಂಜಿನ್ನು ಆಯಿಲ್ ಕುಡಿಯುತ್ತಿದೆ. ಈ ಗಾಡಿಯದು ನೀಲಿ. "ಬೆಳಗಿನ ಮಂಜು ಸಾರ್" ಅಂದ ಬ್ರೋಕರು. ಮೇಸ್ತ್ರಿ ಮಾತಾಡದೆ, ಇಂಜಿನ್ ಓಡುತ್ತಿದ್ದ ಹಾಗೇ ಆಯಿಲ್ ಮುಚ್ಚಳವನ್ನು ತೆಗೆದು ಅದೇ ಬಾಯಿಯ ಮೇಲೆ ಸಡಿಲವಾಗಿ ಇಟ್ಟ. ಮುಚ್ಚಳ ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ತಕತಕ ಕುಣಿದು ಜಾರಿತು. ಒಳಗಿನಿಂದ ಬುಸ್ಸ್ ಬುಸ್ಸ್ ಎಂದು ಹೊಗೆ. "ಬ್ಯಾಕ್ ಕಂಪ್ರೆಷನ್" ಅಂದ. ಪಿಸ್ಟನ್ನಿನ ರಿಂಗುಗಳು ಸವೆದು, ಮೇಲಿರಬೇಕಾದ ಒತ್ತಡ ಕೆಳಗೆ ನುಗ್ಗುತ್ತಿದೆ ಅಂತ ಅರ್ಥ. ಇಂಜಿನ್ ಇನ್ನೂ ಬಿಚ್ಚಿಲ್ಲ ಅಂದನಲ್ಲ, ಅದೊಂದು ಮಾತು ನಿಜವಿತ್ತು. ಬಿಚ್ಚುವ ಖರ್ಚು ನಮಗೆ ಕಾದಿತ್ತು.

ಇಷ್ಟಾದರೂ ಭಾವಮೈದ ಆ ಗಾಡಿಯ ಮುಂದೆಯೇ ಸುಳಿದಾಡುತ್ತಿದ್ದ. ಮ್ಯೂಸಿಕ್ ಸೆಟ್ ಚೆನ್ನಾಗಿತ್ತು. ಕೊನೆಗೆ ಅವನನ್ನು ಎಳೆದು ತಂದದ್ದು ದೇವರು. ಗಾಜಿನ ಮೇಲೆ ಮಂಜುನಾಥ ಪ್ರಸನ್ನ. ಅದರ ಕೆಳಗೆ ಕಿತ್ತ ಸ್ಟಿಕ್ಕರಿನ ಅಂಟಿನಲ್ಲಿ ಮಸುಕಾಗಿ ಚೌಡೇಶ್ವರಿ. ಬಾಗಿಲ ಮೇಲೆ ಪೇಂಟಿನಡಿಯಲ್ಲಿ ಉಬ್ಬಿಕೊಂಡ ರಂಗನಾಥ. ಹಿಂದಿನ ಹಲಗೆಯಲ್ಲಿ ಅರ್ಧ ಅಳಿಸಿದ ಮಲೆ ಮಹದೇಶ್ವರ. ದೇವರು ನಾಲ್ಕು. ಆರ್‌ಸಿಯಲ್ಲಿ ಓನರು ಎರಡು. ಲೆಕ್ಕ ಟ್ಯಾಲಿ ಆಗಲಿಲ್ಲ. ಕೆದಕಿದರೆ, ನಡುವಿನ ಇಬ್ಬರು ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ, ಎರಡನೇ ಓನರು ಸಹಿ ಹಾಕಿಕೊಟ್ಟ ಖಾಲಿ 29, 30ನೇ ನಮೂನೆಗಳನ್ನೇ ಕೈಯಿಂದ ಕೈಗೆ ದಾಟಿಸಿದ್ದರು. ಇದು ನಮ್ಮಲ್ಲಿ ಮಾಮೂಲು ಅನ್ನುತ್ತಾರೆ. ಮಾಮೂಲಿನ ಬೆಲೆ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೊತ್ತಾಯಿತು. ಹಲವು ಕೈ ದಾಟಿದ್ದ ಗಾಡಿಯೊಂದರ ಅಪಘಾತದಲ್ಲಿ ಪರಿಹಾರ ಕಟ್ಟಬೇಕಾದವನು ಯಾವತ್ತೋ ಮಾರಿ ಕೈತೊಳೆದುಕೊಂಡಿದ್ದ ಮೊದಲಿನವನೇ ಅಂತ ಕೋರ್ಟು ಹೇಳಿತು. ದಾಖಲೆಯಲ್ಲಿ ಹೆಸರು ಯಾರದ್ದೋ ಅವನೇ ಮಾಲೀಕ. ಹಾಗಾಗಿ ಮಾರುವವನೂ ನಿದ್ದೆ ಮಾಡುವ ಹಾಗಿಲ್ಲ. ಕೊಳ್ಳುವವನಂತೂ, ಆರ್‌ಸಿಯಲ್ಲಿರುವ ಮನುಷ್ಯನನ್ನೇ ಕಣ್ಣಾರೆ ಕಂಡು ದುಡ್ಡು ಕೊಡಬೇಕು. ಸಾಲವಿದ್ದ ಗಾಡಿಯಾದರೆ ಸಾಲ ಕೊಟ್ಟವರ ಎನ್‌ಒಸಿ ಮತ್ತು 35ನೇ ನಮೂನೆ. ಎಂಟು ವರ್ಷ ದಾಟಿದ ಮೇಲೆ ಎಫ್‌ಸಿ ವರ್ಷವರ್ಷ ಮಾಡಿಸಬೇಕು, ಅದರ ತಾರೀಖು ನೋಡಬೇಕು. ಇನ್ಶೂರೆನ್ಸನ್ನೂ 14 ದಿನದೊಳಗೆ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು. ಇವೆಲ್ಲ ಹರಟೆಗೆ ಒಗ್ಗದ ವಿಷಯ, ಬೇಗ ಹೇಳಿ ಮುಗಿಸಿದ್ದೇನೆ. ನೀವು ಬೇಗ ಓದಿ ಮರೆಯಬೇಡಿ.

ಕೊನೆಗೆ ಸಿಕ್ಕಿದ್ದು ಹತ್ತು ವರ್ಷದ ಒಂದು ಪಿಕಪ್. ತರಕಾರಿ ವ್ಯಾಪಾರದವನದು. ಮೂತಿ ಜಜ್ಜಿತ್ತು, ಬಣ್ಣ ಬಿಳಿಯೋ ಬೂದಿಯೋ ಹೇಳುವಂತಿರಲಿಲ್ಲ. ಮ್ಯೂಸಿಕ್ ಸೆಟ್ ಇರಬೇಕಾದ ಜಾಗದಲ್ಲಿ ತೂತು, ಆ ತೂತಿನಲ್ಲಿ ಒಂದು ಎಲೆ ಅಡಿಕೆ ಚೀಲ. ಮೀಟರ್ 3 ಲಕ್ಷ 42 ಸಾವಿರ. ಭಾವಮೈದ ಮುಖ ಸಿಂಡರಿಸಿದ. ನಾನು ಲೆಕ್ಕ ಹಾಕಿದೆ. ದಿನಕ್ಕೆ 114 ಕಿಲೋಮೀಟರ್. ಹಳ್ಳಿಯಿಂದ ಮಾರ್ಕೆಟ್ಟು, ಮಾರ್ಕೆಟ್ಟಿನಿಂದ ಹಳ್ಳಿ, ಸರಿಹೋಯಿತು. ಅಷ್ಟು ದಿನದಲ್ಲಿ ಮೊದಲ ಬಾರಿ ಒಂದು ಮೀಟರು ನನ್ನ ಲೆಕ್ಕಕ್ಕೆ ತಲೆಯಾಡಿಸಿತ್ತು.

"ಏನು ಲೋಡು ಹಾಕ್ತಿದ್ರಿ?" ಎಂದು ಕೇಳಿ ಉಸಿರು ಬಿಗಿಹಿಡಿದೆ.

"ಎಲ್ಲಾನೂವೆ ಸಾ. ತರಕಾರಿ, ಮೇವು, ಶಾಮಿಯಾನ. ಒಂದ್ಸಲ ಬೋರ್‌ವೆಲ್ ಪೈಪು. ಒಂದ್ಸಲ ನಮ್ಮತ್ತೆ ಮನೇರನ್ನ ಧರ್ಮಸ್ಥಳಕ್ಕೆ. ಅದು ತೆಪ್ಪು, ಗೊತ್ತು."

ಅಪ್ಪಿಕೊಳ್ಳಬೇಕು ಅನ್ನಿಸಿತು. ಅವನು ಸೀಟಿನ ಕೆಳಗಿನಿಂದ ನೂರು ಪುಟದ ಒಂದು ನೋಟ್ ಪುಸ್ತಕ ತೆಗೆದ. ಮೂಲೆಗಳೆಲ್ಲ ಆಯಿಲ್ ಕುಡಿದು ಪಾರದರ್ಶಕವಾಗಿದ್ದವು. ಆಯಿಲ್ ಬದಲಿಸಿದ ತಾರೀಖು, ಆಗಿನ ಕಿಲೋಮೀಟರು, ಖರ್ಚು, ಎಲ್ಲ ಕೋಳಿ ಕೆದರಿದ ಅಕ್ಷರದಲ್ಲಿ. "2 ಲಕ್ಷ 60 ಸಾವಿರ, ಇಂಜಿನ್ ಕೆಲ್ಸ, ರಿಂಗು ಬದ್ಲು", ಜೊತೆಗೆ ಪಿನ್ ಮಾಡಿದ ಬಿಲ್ಲು. ಮೂವತ್ತು ವರ್ಷ ಮಕ್ಕಳ ನೋಟ್ಸು ತಿದ್ದಿದ್ದೇನೆ. ಕಾಗುಣಿತ ಇಷ್ಟು ತಪ್ಪಿದ್ದೂ ಲೆಕ್ಕ ಇಷ್ಟು ಸರಿಯಿದ್ದ ಪುಸ್ತಕ ಕಂಡಿರಲಿಲ್ಲ.

ಮೇಸ್ತ್ರಿ ತನ್ನ ವ್ರತ ಬಿಡಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಕ್ಲಚ್ ಪ್ಲೇಟು ಗಟ್ಟಿಯಿದ್ದರೆ ಇಂಜಿನ್ ತಟ್ಟನೆ ಆಫ್ ಆಗಬೇಕು. ಇದು ಸ್ವಲ್ಪ ಗೊಣಗಿ ಆಫ್ ಆಯಿತು. ರಸ್ತೆಗಿಳಿಸಿ ಕಿಟಕಿ ಇಳಿಸಿ ಕಿವಿಗೊಟ್ಟ. ಹಿಂದಿನಿಂದ ಕ್ರೌನ್ ಕುಯ್ಯ್ ಅನ್ನುತ್ತಿದೆಯೇ, ಗೇರು ತಾನೇ ಕಳಚಿಕೊಳ್ಳುತ್ತದೆಯೇ, ಬ್ರೇಕ್ ಒತ್ತಿದರೆ ಗಾಡಿ ಒಂದೇ ಕಡೆ ಎಳೆಯುತ್ತದೆಯೇ. ಹೊರಡುವಾಗೊಮ್ಮೆ ಟಕ್ ಅಂತು. "ಜಾಯಿಂಟಿನ ಕ್ರಾಸು" ಅಂದ. ಟೈರಿನ ಬದಿಯ ನಾಲ್ಕಂಕಿ ಓದಿಸಿದ. ಅಲ್ಲಿ 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಗುಂಡಿಗಳು ಎಷ್ಟೇ ಚೆನ್ನಾಗಿರಲಿ, ರಬ್ಬರಿಗೆ ವಯಸ್ಸಾಗುತ್ತದೆ. ಎರಡು ಟೈರು ಮುದುಕರು.

ಕೊನೆಯ ಕೆಲಸ ನನಗೇ ಬಿಟ್ಟರು. ಚಾಸಿ ನಂಬರು. ತುಕ್ಕು ಒರೆಸಿ, ಕೊರೆದ ಅಕ್ಷರಗಳ ಮೇಲೆ ಬಿಳಿ ಕಾಗದ ಒತ್ತಿ, ಪೆನ್ಸಿಲ್ ಅಡ್ಡಡ್ಡ ಉಜ್ಜಿದೆ. ಚಿಕ್ಕಂದಿನಲ್ಲಿ ನಾಲ್ಕಾಣೆಯ ಮೇಲೆ ಕಾಗದವಿಟ್ಟು ಉಜ್ಜುತ್ತಿದ್ದೆವಲ್ಲ, ಹಾಗೇ. ಒಂದೊಂದೇ ಅಕ್ಷರ ಕಪ್ಪಿನೊಳಗಿಂದ ಬೆಳ್ಳಗೆ ಎದ್ದು ಬಂತು. ಆರ್‌ಸಿಯ ಪಕ್ಕ ಹಿಡಿದೆ. ಹದಿನೇಳೂ ಸರಿ. ತಿದ್ದಿದ, ತೇಯ್ದ ಗುರುತಿಲ್ಲ.

ಮೇಸ್ತ್ರಿ ಕೈ ಒರೆಸಿಕೊಂಡ. ನಾವಿಬ್ಬರೂ ಅವನ ಬಾಯಿಯನ್ನೇ ನೋಡಿದೆವು.

"ಟೀ ಕುಡಿಯಾಣ."

ಕ್ಲಚ್ ಪ್ಲೇಟು, ಕ್ರಾಸು, ಎರಡು ಟೈರಿನ ಖರ್ಚನ್ನು ಚೀಟಿಯಲ್ಲಿ ಬರೆದು ಬೆಲೆಯಲ್ಲಿ ಕಳೆದೆವು. ತಾತನ ಕಾಲವಾಗಿದ್ದರೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮುಗಿಯುತ್ತಿತ್ತು. ಇಲ್ಲಿ ಮೂರು ಟೀ ಆಯಿತು. ಓಡಿದ್ದು ಎಷ್ಟು ಅಂತ ಹೆದರಿಕೊಂಡು ಹೊರಟವರು ನಾವು. ಹೊತ್ತದ್ದು ಎಷ್ಟು, ಮುಚ್ಚಿಟ್ಟದ್ದು ಎಷ್ಟು ಅಂತ ಕೇಳುವುದನ್ನು ಕಲಿತು ವಾಪಸ್ಸಾದೆವು. ಮೂರೂವರೆ ಲಕ್ಷ ಓಡಿ ಅದನ್ನು ಒಪ್ಪಿಕೊಂಡ ಗಾಡಿ, 68 ಸಾವಿರ ಅಂತ ನಾಚುವ ಗಾಡಿಗಿಂತ ಮೇಲು.

ಇದೆಲ್ಲ ಆಗಿ ಕೆಲವು ತಿಂಗಳಾದವು. ಗಾಡಿ ಕಾಯಿ ಹೊರುತ್ತಿದೆ, ಗೊಬ್ಬರ ಹೊರುತ್ತಿದೆ, ಪಕ್ಕದ ಮನೆಯವರ ಚಪ್ಪಡಿಯನ್ನೂ ಹೊತ್ತಿತೆಂದು ಕೇಳಿದ್ದೇನೆ. ವರಮಹಾಲಕ್ಷ್ಮಿ ಹಬ್ಬದ ಮುಂಚಿನ ದಿನ ತೋಟಕ್ಕೆ ಹೋದರೆ, ಗಾಡಿ ತುಂಬ ಸೇವಂತಿಗೆ! ಯಾರೋ ನೆಂಟರ ಹೂವನ್ನು ಮಾರ್ಕೆಟ್ಟಿಗೆ ಬಿಟ್ಟುಕೊಡಲು ಒಪ್ಪಿಕೊಂಡಿದ್ದನಂತೆ. ಭಾವಮೈದ ಮೊಬೈಲ್ ಹಿಡಿದು ಮುಂದಿನಿಂದ, ಹಿಂದಿನಿಂದ, ನಂಬರ್ ಪ್ಲೇಟ್ ಕಾಣುವ ಹಾಗೆ ಪಕ್ಕದಿಂದ ಫೋಟೋ ತೆಗೆಯುತ್ತಿದ್ದ.

"ಏನಪ್ಪಾ, ಹೂವಿನ ಮೇಲೆ ಇಷ್ಟು ಪ್ರೀತಿ?" ಅಂದೆ.

"ಇರ್ಲಿ ಭಾವ" ಅಂದ, ಇನ್ನೊಂದು ಫೋಟೋ ತೆಗೆಯುತ್ತಾ. "ನಾಳೆ ಮಾರೋವಾಗ ಬೇಕಾಗ್ತದೆ."